ವಾಪಸ್ ಬರುವುದಕ್ಕೊಂದು ಕಾರಣ

ಮಳವಳ್ಳಿಯಿಂದ ದೊಡ್ಡಿ, ಮದ್ದೂರು ಮೇಲೆ ಮಂಡ್ಯಕ್ಕೆ ಹೋಗುವ ಬಸ್ಸಿನಲ್ಲಿ ಓಡಾಡಿದವರಿಗೆ ಯಶೋದಮ್ಮನನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಅವಳು ಆ ದಾರಿಯಲ್ಲಿ ಅರ್ಧ ಆಯಸ್ಸು ಕಂಡಕ್ಟರ್ ಆಗಿದ್ದವಳು. ಕುಳ್ಳು, ಗಟ್ಟಿ ಮೈ, ಮೈಗಿಂತ ಗಟ್ಟಿ ಗಂಟಲು. ಬಾಗಿಲಲ್ಲಿ ಜೋತಾಡುವ ಕಾಲೇಜು ಹುಡುಗರು ಅವಳ ಬಸ್ಸಿನಲ್ಲಿ ಮಾತ್ರ ಒಳಗೆ ಬಂದು ನಿಲ್ಲುತ್ತಿದ್ದರು. ಚಿಲ್ಲರೆ ಇಲ್ಲವೆಂದವನಿಗೆ, "ಬೀಡಿ ಸೇದಕ್ಕೆ ಚಿಲ್ಲರೆ ಅದೆ, ಬಸ್ಸಿಗಿಲ್ವೇನ್ಲಾ?" ಎಂದು ಹಿಂದಿನ ಸೀಟಿಗೂ ಕೇಳಿಸುವಂತೆ ಕೇಳುತ್ತಿದ್ದಳು. ಮುದುಕಿಯರು ಹತ್ತಿದರೆ ಕೂತ ಗಂಡಸನ್ನು ಭುಜ ಹಿಡಿದು ಎಬ್ಬಿಸುತ್ತಿದ್ದಳು. ಬೈಸಿಕೊಂಡವರೂ ಅವಳನ್ನು ಯಶೋದಕ್ಕ ಎಂದೇ ಕರೆಯುತ್ತಿದ್ದರು.

ಹುಟ್ಟಿದ್ದು ನಿಡಘಟ್ಟದಲ್ಲಿ, ಹೊಲ ಗದ್ದೆ ಇದ್ದ ಒಕ್ಕಲು ಮನೆ. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ಕಾಮಾಲೆ ಬಂದು ತೀರಿಕೊಂಡ. ಮಕ್ಕಳಾಗಿರಲಿಲ್ಲ. ತವರಿಗೆ ಬಂದು ಒಂದೆರಡು ವರ್ಷ ದನದ ಕೊಟ್ಟಿಗೆ ಗುಡಿಸಿದಳು. ಆಮೇಲೆ ಹೆಂಗಸರನ್ನೂ ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆಂದು ಕೇಳಿ ಅರ್ಜಿ ಹಾಕಿದಳು, ಕೆಲಸ ಸಿಕ್ಕಿತು. ಮಳವಳ್ಳಿಯಲ್ಲಿ ಡಿಪೋ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಳು. ನಿವೃತ್ತಿಯಾಗುವವರೆಗೂ ಅದೇ ಮನೆ, ನಿವೃತ್ತಿಯಾದ ಮೇಲೂ ಅದೇ ಮನೆ.

ನಿವೃತ್ತಿಯ ದಿನ ಶಾಲು ಹೊದಿಸಿ ಹಾರ ಹಾಕಿದರು. ಮರುದಿನದಿಂದ ಅವಳಿಗೆ ಕೈಕಾಲು ಆಡಲಿಲ್ಲ. ತಡೆಯಲಾರದೆ ಒಂದು ದಿನ ಹಳೆಯ ಬಸ್ಸಿಗೇ ಪ್ರಯಾಣಿಕಳಂತೆ ಹತ್ತಿ ಕಿಟಕಿ ಪಕ್ಕ ಕೂತಳು. ಕೂತರೇನು, ದೊಡ್ಡಿಯಲ್ಲಿ ಹತ್ತಿದ ಹೆಂಗಸೊಬ್ಬಳು ಸೀದಾ ಅವಳ ಹತ್ತಿರ ಬಂದು ದುಡ್ಡು ಚಾಚಿ ಮದ್ದೂರಿಗೆ ಒಂದು ಟಿಕೆಟ್ ಕೇಳಿದಳು. ಅದೇ ಸಂಜೆ ಗೆಳತಿ ನಾಗಮಣಿಯ ಹತ್ತಿರ ಹೇಳಿದಳು: "ನಂಗೆ ಈ ರೋಡೆಲ್ಲ ಬಾಯಿಪಾಠ ಆಗೋಗದೆ ಕಣೇ. ಯಾರೋ ಓಡ್ಸೋ ಬಸ್ಸಲ್ಲಿ ಸುಮ್ನೆ ಕೂತ್ಕಂಡು ಗೊತ್ತಿಲ್ದಿರೋ ಊರು ನೋಡ್ಬೇಕು. ಮುಂದಿನ ಸ್ಟಾಪು ಯಾವ್ದು ಅಂತ ನಂಗೆ ಗೊತ್ತೇ ಇರ್ಬಾರ್ದು."

ನಾಗಮಣಿಯೂ ಅದೇ ಡಿಪೋದಲ್ಲಿ ಕಂಡಕ್ಟರ್ ಆಗಿದ್ದವಳು, ಒಂದು ವರ್ಷ ಮೊದಲೇ ನಿವೃತ್ತಿಯಾಗಿ ಮನೆಗೆ ಬಂದಿದ್ದಳು. ಅವಳಿಗೆ ಸ್ವಿಟ್ಜರ್ಲೆಂಡಿನ ಹುಚ್ಚು ಹಿಡಿದು ಬಹಳ ಕಾಲವಾಗಿತ್ತು. ಗೆಳತಿಯ ಬಾಯಿಂದ ಈ ಮಾತು ಬಿದ್ದದ್ದೇ ತಡ, ಕೈ ಹಿಡಿದು ಎಳೆದುಕೊಂಡು ಮಂಡ್ಯದ ಯತೀಶನ ಟ್ರಾವೆಲ್ಸ್ ಅಂಗಡಿಗೆ ಕರೆದುಕೊಂಡು ಹೋದಳು. ಧರ್ಮಸ್ಥಳ, ತಿರುಪತಿಗೆ ಬಸ್ಸು ಕಳಿಸಿ ಶುರು ಮಾಡಿದ ಯತೀಶ ಈಗ ನಿವೃತ್ತರ ಗುಂಪುಗಳನ್ನು ಯುರೋಪಿಗೆ ಕಳಿಸುವ ಮಟ್ಟಕ್ಕೆ ಬಂದಿದ್ದ. ಗೋಡೆಯ ಮೇಲೆ ಹಿಮದ ಬೆಟ್ಟದ ದೊಡ್ಡ ಚಿತ್ರ, ಅದರ ಪಕ್ಕದಲ್ಲೇ ಮಲೆ ಮಾದಪ್ಪನ ಫೋಟೋ.

"ಮಲ್ಟಿಪಲ್ ಎಂಟ್ರಿ ವೀಸಾ ಆಗ್ಬೇಕು ಮೇಡಂ," ಎಂದ ಯತೀಶ. "ನಮ್ಮ ಟೂರು ಸ್ವಿಟ್ಜರ್ಲೆಂಡು, ಪ್ಯಾರಿಸ್ಸು ನೋಡ್ಕೊಂಡು ಲಂಡನ್ನಿಗೆ ಹೋಗ್ತದೆ. ಲಂಡನ್ನಿಗೆ ಬೇರೆ ವೀಸಾ, ಅದು ಆಮೇಲಿನ ಕತೆ. ಅಲ್ಲಿಂದ ತಿರುಗಾ ಪ್ಯಾರಿಸ್ಸಿಗೆ ಬಂದು ವಿಮಾನ ಹತ್ತಬೇಕು. ಸಿಂಗಲ್ ಎಂಟ್ರಿ ಇದ್ರೆ ಒಂದು ಸಲ ಈಚೆ ಬಂದೋರನ್ನ ಮತ್ತೆ ಒಳಗೆ ಬಿಡಲ್ಲ."

"ಪಾಸು ಅನ್ನಪ್ಪ," ಎಂದಳು ಯಶೋದಮ್ಮ. "ಟಿಕೀಟಾದ್ರೆ ಇಳಿದ್ರೆ ಮುಗೀತು. ಪಾಸಿದ್ರೆ ಎಷ್ಟು ಸಲ ಬೇಕಾದ್ರೂ ಅತ್ತಿ ಇಳೀಬೋದು."

ಯತೀಶ ನಕ್ಕು, ಹೌದು ಅದೇ, ಎಂದು ಪ್ರಶ್ನೆ ಕೇಳಲು ಶುರು ಮಾಡಿದ. ನಾಗಮಣಿಯದು ಬೇಗ ಮುಗಿಯಿತು. ಗಂಡ ಇದ್ದ, ಇಬ್ಬರು ಮಕ್ಕಳಿದ್ದರು, ಸ್ವಂತ ಮನೆ ಇತ್ತು. "ನಮ್ಮ ಯಜಮಾನ್ರು ಒಂದ್ಸಲಕ್ಕಾದ್ರೂ ಉಪಯೋಗಕ್ಕೆ ಬಂದ್ರಲ್ಲ," ಎಂದು ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಯಶೋದಮ್ಮನ ಸರದಿ ಬಂತು.

"ಯಜಮಾನ್ರು?"

"ಇಲ್ಲ."

"ಮಕ್ಕಳು?"

"ಇಲ್ಲ."

"ಸ್ವಂತ ಮನೆ?"

"ಬಾಡಿಗೆ."

"ಜಮೀನು?"

ಇದಕ್ಕೆ ಅವಳು ತಡವರಿಸಿದಳು. "ನಮ್ಮಪ್ಪಂದು ನಿಡಘಟ್ಟದಲ್ಲದೆ. ತಮ್ಮನ ಹೆಸ್ರಲ್ಲದೆ."

ಯತೀಶ ಪೆನ್ನು ಕೆಳಗಿಟ್ಟ. "ಬ್ಯಾಂಕಲ್ಲಿ ಇರೋದು ಸಾಕು ಮೇಡಂ, ಅದಕ್ಕೆ ತೊಂದ್ರೆ ಇಲ್ಲ. ಅವರು ನೋಡೋದು ಬೇರೆ. ನೀವು ವಾಪಸ್ ಬರೋಕೆ ಇಲ್ಲಿ ಏನಿದೆ ಅಂತ."

"ಇದೊಳ್ಳೆ ಚೆನ್ನಾಗದಲ್ಲ. ನಮ್ಮೂರಿಗೆ ನಾನು ಬರಕ್ಕೆ ಕಾರಣ ಬೇರೆ ಬೇಕಾ?"

"ನನಗೆ ಬೇಡ ಮೇಡಂ. ಅವರಿಗೆ ಬೇಕು. ಕಾಗದದಲ್ಲಿ ಬೇಕು."

ಇರಲಿ, ನೋಡೋಣ ಎಂದು ಇದ್ದದ್ದನ್ನೇ ಬರೆದು ಹಾಕಿದರು. ಇಬ್ಬರೂ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು, ಫೋಟೋ ಹಿಡಿಸಿಕೊಂಡು, ದೋಸೆ ತಿಂದು ಬಂದರು. ಪಾಸ್‌ಪೋರ್ಟುಗಳು ಒಟ್ಟಿಗೇ ವಾಪಸ್ ಬಂದವು. ನಾಗಮಣಿಯದರಲ್ಲಿ ಬಣ್ಣದ ಚೀಟಿ ಅಂಟಿಸಿತ್ತು. ಯಶೋದಮ್ಮನದರ ಜೊತೆಗೆ ಒಂದು ಹಾಳೆ ಇತ್ತು, ಅದರಲ್ಲಿ ಅಚ್ಚಾದ ಹತ್ತಾರು ಸಾಲುಗಳಲ್ಲಿ ಒಂದರ ಮುಂದೆ ಗುರುತು ಹಾಕಿತ್ತು. ಯತೀಶ ಓದಿ ಹೇಳಿದ: ವೀಸಾ ಅವಧಿ ಮುಗಿಯುವುದರೊಳಗೆ ನೀವು ನಮ್ಮ ದೇಶ ಬಿಟ್ಟು ಹೋಗುತ್ತೀರೆಂಬುದರಲ್ಲಿ ನಮಗೆ ಅನುಮಾನವಿದೆ.

"ನಾನೇನು ಓಡೋಗೋ ವಯಸ್ಸಿನ ಹುಡ್ಗೀನಾ?" ಎಂದು ಯಶೋದಮ್ಮ ಅಂಗಡಿಯಲ್ಲಿ ಜೋರು ಮಾಡಿದಳು. ಆ ಜೋರು ಮದ್ದೂರಿನವರೆಗೆ ಇತ್ತು. ಆಮೇಲೆ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದಳು: ನಾನು ನಿಜವಾಗಿಯೂ ವಾಪಸ್ ಬರದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಬಾಡಿಗೆ ಮನೆಯವನಿಗೆ ತಿಂಗಳ ಮೊದಲ ವಾರ ಗೊತ್ತಾಗುತ್ತದೆ. ಹಾಲಿನವನಿಗೆ ಎರಡು ದಿನಕ್ಕೆ ಗೊತ್ತಾಗುತ್ತದೆ. ತಮ್ಮನಿಗೆ ಮುಂದಿನ ಹಬ್ಬದ ಹೊತ್ತಿಗೆ ಗೊತ್ತಾಗಬಹುದು. ದೊಡ್ಡಿ ದಾಟುವಷ್ಟರಲ್ಲಿ ಅವಳಿಗೆ ಅಳು ಬಂತು. ಕಂಡಕ್ಟರ್ ಹುಡುಗಿ ನೋಡಿ, ಏನಾಯ್ತು ಯಶೋದಕ್ಕ, ಎಂದು ಕೇಳಿದ್ದಕ್ಕೆ ಕಣ್ಣಿಗೆ ಧೂಳು ಬಿತ್ತು ಎಂದಳು.

ನಾಗಮಣಿ ಹೋಗಿ ಬಂದಳು. ಹೋದಲ್ಲಿಂದ ದಿನಾ ಫೋಟೋ ಕಳಿಸಿದಳು: ಹಿಮದಲ್ಲಿ ಸೀರೆಯ ಮೇಲೆ ಕೋಟು ಹಾಕಿಕೊಂಡು ನಿಂತದ್ದು, ಹಸುವಿನ ಕೊರಳ ಗಂಟೆ ಹಿಡಿದುಕೊಂಡದ್ದು. ಬಂದ ಮೇಲೆ ಚಾಕೊಲೇಟು ಕೊಟ್ಟು, ಮುಂದಿನ ಬೇಸಿಗೆಗೂ ಯತೀಶ ಒಂದು ಗುಂಪು ಕಳಿಸುತ್ತಾನಂತೆ, ಅಷ್ಟರಲ್ಲಿ ಏನಾದರೂ ಒಂದು ಕಾಗದ ಹುಟ್ಟಿಸು, ಎಂದಳು. ಯಶೋದಮ್ಮ ಅವತ್ತೇ ನಿಡಘಟ್ಟದ ಬಸ್ಸು ಹತ್ತಿದಳು.

ಇಲ್ಲಿ ಒಂದು ಹಳೆಯ ಮಾತು ಹೇಳಬೇಕು. ಅವಳ ಅಪ್ಪ ತೀರಿಕೊಂಡಾಗ ಜಮೀನಿನ ಖಾತೆ ಬದಲಾಯಿಸಲು ಮಕ್ಕಳೆಲ್ಲರ ಸಹಿ ಬೇಕಾಗಿತ್ತು. ಈ ಕಡೆಯ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಹೆಣ್ಣುಮಕ್ಕಳು ನಮಗೇನೂ ಬೇಡವೆಂದು ಸಹಿ ಹಾಕುತ್ತಾರೆ, ಜಮೀನು ಗಂಡುಮಕ್ಕಳ ಹೆಸರಿಗೆ ಹೋಗುತ್ತದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಸಹಿ ಹಾಕಿದವಳಿಗೆ ತವರು ಉಳಿಯುತ್ತದೆ: ಹಬ್ಬಕ್ಕೆ ಕರೆ, ಮದುವೆಯಲ್ಲಿ ಸೀರೆ, ಕಾಯಿಲೆ ಬಿದ್ದರೆ ಒಂದು ಚಾಪೆ, ಸತ್ತರೆ ಹೆಗಲು ಕೊಡುವ ಜನ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ತಪ್ಪುವವರೂ ಕಡಿಮೆ. ಯಶೋದಮ್ಮ ಎರಡನೇ ಯೋಚನೆಯನ್ನೇ ಮಾಡಿರಲಿಲ್ಲ. ತಮ್ಮ ಸಿದ್ದರಾಜು ಛಾಪಾ ಕಾಗದ ಹಿಡಿದು ಮದ್ದೂರು ಬಸ್ ನಿಲ್ದಾಣಕ್ಕೆ ಬಂದಿದ್ದ. ಅವಳು ಖಾಕಿ ಬಟ್ಟೆಯಲ್ಲೇ, ಬಸ್ಸಿನ ಮೆಟ್ಟಿಲ ಮೇಲೆ ನಿಂತು, ದುಡ್ಡಿನ ಚೀಲದ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದಳು. ಡ್ರೈವರ್ ಹಾರನ್ ಹೊಡೆಯುತ್ತಿದ್ದ. ಏನು ಬರೆದಿದೆ ಎಂದು ಓದುವಷ್ಟು ಪುರುಸೊತ್ತೂ ಇರಲಿಲ್ಲ, ಓದಬೇಕೆಂದೂ ಅನ್ನಿಸಲಿಲ್ಲ.

ಆ ಜಮೀನು ಈಗ ಬೆಂಗಳೂರು ಮೈಸೂರು ರಸ್ತೆಗೆ ತಾಗಿಕೊಂಡ ಜಮೀನು. ಸಿದ್ದರಾಜು ಅದರ ಅಂಚಿನಲ್ಲಿ ನಾಲ್ಕು ಮಳಿಗೆ ಕಟ್ಟಿಸಿದ್ದ, ಹಿಂದೆ ಮಹಡಿ ಮನೆ. ಕೆಟ್ಟವನಲ್ಲ. ಅಕ್ಕ ಬಂದಾಗಲೆಲ್ಲ ಕೋಳಿ ಕುಯ್ಯಿಸುತ್ತಿದ್ದ. ಅವತ್ತೂ ಕುಯ್ಯಿಸಿದ. ಅವನ ಹೆಂಡತಿ ಕವಿತ ಬಿಸಿ ಮುದ್ದೆ ಇಟ್ಟು ಸಾರು ಬಡಿಸಿದಳು. ಊಟ ಮುಗಿದು ಕೈ ತೊಳೆದ ಮೇಲೆ ಯಶೋದಮ್ಮ ಬಂದ ವಿಷಯ ಹೇಳಿದಳು.

"ನಂಗೆ ಜಮೀನು ಬ್ಯಾಡ ಕಣ್ಲಾ ಸಿದ್ದ. ಪಹಣೀಲಿ ನಿನ್ನ ಹೆಸ್ರ ಪಕ್ಕ ನನ್ನ ಹೆಸ್ರೂ ಒಂದಿರ್ಲಿ. ನಾನು ಓಗ್ ಬಂದ್ಮೇಲೆ ತೆಗ್ಸಾಕು."

ಅವಳ ಮನಸ್ಸಿನಲ್ಲಿ ಅದು ಮದುವೆ ಮನೆಗೆ ದೊಡ್ಡ ತಪ್ಪಲೆ ಎರವಲು ಕೇಳಿದ ಹಾಗೆ. ಬೇಕಾದಾಗ ತೆಗೆದುಕೊಂಡು ಹೋಗುವುದು, ಬೆಳಗಿ ವಾಪಸ್ ಕೊಡುವುದು. ಇಷ್ಟು ವರ್ಷ ಊರೂರು ಸುತ್ತಿದವಳಿಗೆ ಅಷ್ಟು ತಿಳಿಯಲಿಲ್ಲ ನೋಡಿ. ಮಂಡ್ಯ ಜಿಲ್ಲೆಯಲ್ಲಿ ಹೆಂಡತಿಯ ಕೊರಳ ಸರ ಬಿಚ್ಚಿ ಕೊಟ್ಟಾರು, ಪಹಣಿಯಲ್ಲಿ ಒಂದು ಹೆಸರು ಎರವಲು ಕೊಡುವ ಮಹಾನುಭಾವ ಇನ್ನೂ ಹುಟ್ಟಿಲ್ಲ.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಸಿದ್ದರಾಜು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದ. "ನೋಡವ ಕಣಕ್ಕ. ಇಚಾರಿಸ್ತೀನಿ. ಇದಕ್ಕೆಲ್ಲ ಏನೇನು ಮಾಡ್ಬೇಕೋ ಏನೋ. ಅಲ್ಲ, ಈ ವಯಸ್ಸಲ್ಲಿ ಅಷ್ಟು ದೂರ ಯಾಕೆ ಓಯ್ತೀಯ ಅಂತ."

"ನೋಡಕ್ಕೆ," ಎಂದಳು ಯಶೋದಮ್ಮ.

ಎರಡು ವಾರ ಕಳೆದು ಗಂಡ ಹೆಂಡತಿ ಇಬ್ಬರೂ ಕಾರಿನಲ್ಲಿ ಮಳವಳ್ಳಿಗೆ ಬಂದರು. ಅವಳ ಬಾಡಿಗೆ ಮನೆಗೆ ಅವರಿಬ್ಬರೂ ಜೊತೆಯಾಗಿ ಬಂದದ್ದು ಅದೇ ಮೊದಲು. ಸೀರೆ ತಂದಿದ್ದರು, ಸೇಬು ತಂದಿದ್ದರು. ಯಶೋದಮ್ಮನಿಗೆ ಹಿಗ್ಗೋ ಹಿಗ್ಗು, ಕೆಲಸ ಆಯಿತು ಎಂದುಕೊಂಡಳು. ಕಾಫಿ ಕುಡಿದ ಮೇಲೆ ಕವಿತ ಮಾತು ತೆಗೆದಳು.

"ನೀವು ದೇಶ ಬುಟ್ಟು ಓಯ್ತಾ ಇದ್ದೀರಿ ಅತ್ಗೆ. ವಯಸ್ಸೂ ಆಗದೆ. ಅಲ್ಲೇನಾದ್ರೂ ಎಚ್ಚುಕಮ್ಮಿ ಆದ್ರೆ ನಾಳೆ ಮಕ್ಳಿಗೆ ತೊಂದ್ರೆ ಆಗ್ಬಾರ್ದು ನೋಡಿ. ಅದಕ್ಕೇ, ಆಸ್ತೀಲಿ ಪಾಲು ಬ್ಯಾಡ ಅಂತ ಮದ್ದೂರಲ್ಲಿ ಒಂದು ಹಕ್ಕು ಖುಲಾಸೆ ಪತ್ರ ರಿಜಿಸ್ಟ್ರು ಮಾಡುಸ್ಬುಡವ ಅಂತ. ಗುರುವಾರಕ್ಕೆ ಏಳಿ ಬಂದಿದ್ದೀವಿ. ಕಾರಲ್ಲೇ ಬಂದು ಕರ್ಕೊಂಡೋಯ್ತಾರೆ ನಿಮ್ಮ ತಮ್ಮ."

ಯಶೋದಮ್ಮ ಕೈಯಲ್ಲಿದ್ದ ಖಾಲಿ ಲೋಟ ಕೆಳಗಿಟ್ಟಳು. ಆಮೇಲೆ ತಮ್ಮನ ಕಡೆ ತಿರುಗಿದಳು. "ಅವತ್ತು ಬಸ್ಸಲ್ಲಿ ಆಕ್ಸ್ಕಂಡೋದಲ್ಲ ಸೈನು, ಅದು ಸಾಲ್ದೇನ್ಲಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಸಿದ್ದರಾಜು ತಲೆಯೆತ್ತಿ ತಿರುಗದ ಫ್ಯಾನನ್ನು ನೋಡಿದ. ಯಶೋದಮ್ಮ ಎಷ್ಟು ಜನ ಟಿಕೆಟ್ ಇಲ್ಲದವರನ್ನು ಹಿಡಿದಿದ್ದಳೋ ಲೆಕ್ಕವಿಲ್ಲ. ಅವರೂ ಹೀಗೇ ಕಿಟಕಿಯ ಆಚೆಯೋ ಮೇಲೋ ನೋಡುತ್ತಿದ್ದರು. ಅವಳಿಗೆ ಕಾನೂನು ಗೊತ್ತಿರಲಿಲ್ಲ, ಈ ಮುಖ ಗೊತ್ತಿತ್ತು. ಆ ಹಳೆಯ ಕಾಗದಕ್ಕೆ ಬೆಲೆಯಿಲ್ಲವೆಂದು ಇವರಿಗೆ ಗೊತ್ತಿದೆ, ಬಹಳ ದಿನದಿಂದ ಗೊತ್ತಿದೆ.

ಜಮೀನಿನ ಮಾತು ಅವಳನ್ನು ಅಷ್ಟಾಗಿ ನೋಯಿಸಲಿಲ್ಲ. ವಾಪಸ್ ಬರುವುದಕ್ಕೆ ಒಂದು ಕಾರಣ ಕೊಡಿರಪ್ಪ ಎಂದು ಕೇಳಿಕೊಂಡು ಹೋದರೆ, ವಾಪಸ್ ಬರದಿದ್ದರೆ ಏನು ಮಾಡಬೇಕೆಂಬ ಏರ್ಪಾಡು ಮಾಡಿಕೊಂಡು ಬಂದಿದ್ದಾರಲ್ಲ ಎಂದು ಹೊಟ್ಟೆ ಉರಿಯಿತು. ಪರದೇಶದವರು ಅನುಮಾನ ಪಟ್ಟಿದ್ದಕ್ಕೆ ಜೋರು ಮಾಡಿದ್ದಳು. ಇಲ್ಲಿ ಜೋರು ಮಾಡಲೂ ಬಾಯಿ ಬರಲಿಲ್ಲ.

"ಗುರುವಾರ ನಂಗಾಗಕ್ಕಿಲ್ಲ," ಎಂದಷ್ಟೇ ಹೇಳಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಸೀರೆಯನ್ನು ಅವರು ಬಿಟ್ಟೇ ಹೋದರು.

ಮದ್ದೂರಿನಲ್ಲಿ ವಕೀಲಿ ಮಾಡುವ ದೀಪಿಕ ಕಾಲೇಜಿಗೆ ಹೋಗುವಾಗ ಯಶೋದಮ್ಮನ ಬಸ್ಸಿನಲ್ಲಿ ಪಾಸು ತೋರಿಸಿ ಓಡಾಡಿದ ಹುಡುಗಿ. ಯಶೋದಮ್ಮ ಹೋಗಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಆ ಪೇಪರ್ ರಿಜಿಸ್ಟರೇ ಆಗಿಲ್ಲ ಯಶೋದಕ್ಕ. ನಿಮ್ಮ ಹಕ್ಕು ಹಾಗೇ ಇದೆ. ಭಾಗ ಕೇಳಿ ದಾವೆ ಹಾಕ್ಬಹುದು," ಎಂದಳು. ಆಮೇಲೆ ಪೆನ್ನಿನ ಮುಚ್ಚಳ ತಿರುಗಿಸುತ್ತ, "ಯೋಚನೆ ಮಾಡಿ ಹೇಳಿ. ದಾವೆ ಹಾಕಿದ್ರೆ ತವರು ಇರಲ್ಲ," ಎಂದಳು.

"ಎಷ್ಟು ದಿನ ನಡೀತದೆ?"

"ಹತ್ತು ವರ್ಷ ಅಂತ ಇಟ್ಕೊಳ್ಳಿ. ಮೇಲೆ ಅಪೀಲು ಬೇರೆ."

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಯಶೋದಮ್ಮ ಬಸ್ಸಿನಲ್ಲಿ ಕೇಳದ ದಿನವಿಲ್ಲ. ಫೈಲು ಕಂಕುಳಲ್ಲಿಟ್ಟುಕೊಂಡು ಮದ್ದೂರು ಕೋರ್ಟಿಗೆ ಇಳಿಯುವ ಅಣ್ಣತಮ್ಮಂದಿರನ್ನು ಅವಳೇ ಎಷ್ಟೋ ಸಲ ಬೇರೆ ಬೇರೆ ಸೀಟಿಗೆ ಕೂರಿಸಿದ್ದಳು. ಒಂದು ತಿಂಗಳು ಯೋಚನೆ ಮಾಡಿದಳು. ಊಟ ರುಚಿಸಲಿಲ್ಲ. ತಮ್ಮ ಚಿಕ್ಕವನಿದ್ದಾಗ ಕಂಕುಳಲ್ಲಿ ಹೊತ್ತು ತಿರುಗಿದ್ದೆಲ್ಲ ನೆನಪಾಯಿತು, ಸಿಟ್ಟೂ ಆಯಿತು. ಕೊನೆಗೆ ದಾವೆ ಹಾಕಿದಳು. ವೀಸಾಕ್ಕೆ ಹಾಕಿದೆಯೋ ಸಿಟ್ಟಿಗೆ ಹಾಕಿದೆಯೋ ಎಂದು ನಾಗಮಣಿ ಕೇಳಿದ್ದಕ್ಕೆ, "ಎಲ್ಡಕ್ಕೂ ಅನ್ಕೊ," ಎಂದಳು.

ಸಮನ್ಸು ನಿಡಘಟ್ಟಕ್ಕೆ ಮುಟ್ಟಿದ ದಿನ ಸಿದ್ದರಾಜು ಫೋನು ಮಾಡಿದ. "ಅಕ್ಕ, ನೀನಾ ಇಂಗೆ ಮಾಡಿದ್ದು?" ಎಂದ. ಬೈದಿದ್ದರೆ ಅವಳೂ ನಾಲ್ಕು ಬೈಯುತ್ತಿದ್ದಳು. ಅವನು ಬೈಯಲಿಲ್ಲ. ಫೋನು ಯಾರ ಕಡೆಯಿಂದ ಮೊದಲು ನಿಂತಿತೋ ಅವಳಿಗೆ ಗೊತ್ತಾಗಲಿಲ್ಲ. ಆ ವರ್ಷ ಯುಗಾದಿಗೆ ಕರೆ ಬರಲಿಲ್ಲ, ಅವಳೂ ಕಾಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಮರುದಿನ, ಹೊಸತೊಡಕಿನ ಬಾಡೂಟದ ದಿನ, ಮಧ್ಯಾಹ್ನ ಒಂದು ಗಂಟೆಯವರೆಗೂ ಒಲೆ ಹಚ್ಚದೆ ಕೂತಿದ್ದಳು.

ಎರಡನೇ ಸಲ ಅರ್ಜಿ ಹಾಕಲು ಹೋದಾಗ ಯತೀಶ ದಾವೆಯ ಪ್ರತಿ ನೋಡಿ ಕುರ್ಚಿಯಿಂದ ಅರ್ಧ ಎದ್ದ. "ಮೇಡಂ, ಇದಕ್ಕಿಂತ ದೊಡ್ಡ ಕಾರಣ ಬೇಕಾ? ನಮ್ಮ ಮಂಡ್ಯದೋರು ಎಂಡ್ರು ಮಕ್ಳು ಬುಟ್ರೂ ಸಿವಿಲ್ ಕೇಸು ಬುಡಲ್ಲ." ಅದನ್ನು ಇಂಗ್ಲಿಷಿಗೆ ಮಾಡಿಸಿ ನೋಟರಿ ಹಾಕಿಸಿದ. ಅರ್ಜಿದಾರಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿದೆ, ಮುಂದಿನ ವಾಯಿದೆಗಳಿಗೆ ಅವಳು ಹಾಜರಿರಬೇಕು ಎಂದು ದೀಪಿಕಳ ಕೈಯಿಂದಲೂ ಒಂದು ಪತ್ರ ಬರೆಸಿ ಮೇಲೆ ಇಟ್ಟ.

ವೀಸಾ ಬಂತು. ಮಲ್ಟಿಪಲ್ ಎಂಟ್ರಿ, ಒಂದು ವರ್ಷದ ಅವಧಿ. ದಾವೆ ನೋಡಿಯೇ ಕೊಟ್ಟರೋ ಬೇರೆ ಏನು ನೋಡಿ ಕೊಟ್ಟರೋ ಯಾರಿಗೂ ಗೊತ್ತಿಲ್ಲ. ಅವರು ಕಾರಣ ಹೇಳುವುದು ಇಲ್ಲ ಎಂದಾಗ ಮಾತ್ರ. ಯತೀಶ ಪೇಡ ತರಿಸಿದ. ವರ್ಷದೊಳಗೆ ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು ಮೇಡಂ ಎಂದ. ಯಶೋದಮ್ಮ ಆ ಬಣ್ಣದ ಚೀಟಿಯ ಮೇಲೆ ಬೆರಳಾಡಿಸಿದಳು. ಸಂತೋಷವಾಯಿತು, ನಿಜವಾಗಿ ಆಯಿತು. ಯಾರಿಗೆ ಮೊದಲು ಹೇಳಲಿ ಎಂದು ಯೋಚಿಸಿ ನಾಗಮಣಿಗೆ ಫೋನು ಮಾಡಿದಳು.

ಹೊರಡುವ ಮೊದಲು ಒಂದು ವಾಯಿದೆ ಇತ್ತು. ಮದ್ದೂರು ಕೋರ್ಟಿನ ಮೊಗಸಾಲೆಯಲ್ಲಿ ಜನ ಕಿಕ್ಕಿರಿದಿದ್ದರು. ಕೂರಲು ಜಾಗವಿದ್ದದ್ದು ಒಂದೇ ಬೆಂಚಿನಲ್ಲಿ, ಅದರ ಇನ್ನೊಂದು ತುದಿಯಲ್ಲಿ ಸಿದ್ದರಾಜು ಕೂತಿದ್ದ. ಕವಿತ ಬಂದಿರಲಿಲ್ಲ. ಯಶೋದಮ್ಮ ನಿಂತೇ ಇರೋಣವೆಂದುಕೊಂಡಳು, ಮಂಡಿ ಕೇಳಲಿಲ್ಲ, ಕೂತಳು. ನಡುವೆ ಕೂತಿದ್ದ ಮುದುಕನನ್ನು ಒಳಗಿನಿಂದ ಕರೆದರು. ಅವನೆದ್ದು ಹೋದ ಮೇಲೆ ಅಕ್ಕ ತಮ್ಮನ ನಡುವೆ ಯಾರೂ ಇರಲಿಲ್ಲ.

"ವೀಸಾ ಬಂತಂತೆ," ಎಂದ ಸಿದ್ದರಾಜು, ಎದುರಿನ ಗೋಡೆ ನೋಡುತ್ತ.

"ಊಂ."

"ಯಾವಾಗ ಓಗದು?"

"ಬರೋ ತಿಂಗ್ಳು."

ಜವಾನ ಬಂದು ಯಾರದೋ ಹೆಸರು ಕೂಗಿ ಹೋದ. ಸಿದ್ದರಾಜು ಕೈಯಲ್ಲಿದ್ದ ಫೈಲನ್ನು ಒಂದು ಮಂಡಿಯಿಂದ ಇನ್ನೊಂದು ಮಂಡಿಗೆ ಇಟ್ಟುಕೊಂಡ.

"ಭಾರಿ ಚಳಿಯಂತಲ್ಲ ಅಲ್ಲಿ. ಸ್ವೆಟ್ರು ಗಿಟ್ರು ತಗಂಡಿದ್ದೀಯಾ?"

"ನಾಗಮಣಿ ಕೊಟ್ಟವಳೆ."

ಅವನ ತಲೆಯಲ್ಲಿ ಬಿಳಿ ಕೂದಲು ಹೆಚ್ಚಾಗಿದ್ದನ್ನು ಯಶೋದಮ್ಮ ಓರೆಗಣ್ಣಿನಲ್ಲಿ ನೋಡಿದಳು. ಊಟ ಮಾಡಿಕೊಂಡು ಬಂದೆಯಾ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

"ವಾಪಸ್ ಬತ್ತೀಯ ತಾನೆ ಅಕ್ಕ?" ಎಂದ ಅವನು, ಈ ಸಲ ಅವಳ ಮುಖ ನೋಡಿ.

ಯಶೋದಮ್ಮನಿಗೆ ಹೇಳಬೇಕೆಂದು ಬಂದ ಮಾತು ಬೇರೆ ಇತ್ತು.

"ಬತ್ತೀನಿ ಕಣ್ಲಾ," ಎಂದಳು. "ಮುಂದಿನ ವಾಯಿದೆ ಅದೆಯಲ್ಲ."

ಸಿದ್ದರಾಜು ತಲೆಯಾಡಿಸಿದ. ಅಷ್ಟನ್ನು ಅವನು ನಂಬಿದ.